ಗ್ರಂಥಾಲಯದ ಜೀರ್ಣೋದ್ಧಾರ



ನಮ್ಮ ನಾಡಿನ ಹಳೆಯ ಶಾಸನಗಳನ್ನು ಸ್ವಲ್ಪಮಟ್ಟಿಗಾದರೂ ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದುದು. ಅರಸನೋ ದಂಡನಾಯಕನೋ ಊರಿನ ಮಹಾಜನರೋ ಒಂದು ದೇವಾಲಯವನ್ನೋ ಮಠವನ್ನೋ ಕಟ್ಟಿಸಿ ಅದಕ್ಕೆ ಭೂಮಿಯನ್ನು ದತ್ತಿ ಬಿಡುವಾಗ, ಆ ಭೂಮಿಯ ಹುಟ್ಟುವಳಿ ಯಾವ ಯಾವ ಕಾರ್ಯಗಳಿಗೆ ಸಲ್ಲತಕ್ಕದ್ದು ಎಂಬುದನ್ನು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ದೇವರ ನೈವೇದ್ಯಕ್ಕೆ, ನಂದಾದೀವಿಗೆಗೆ, ಅಲ್ಲಿದ್ದು ಓದುವವರ ಅನ್ನಕ್ಕೆ ಎಂದು ಹೇಳುತ್ತ ಬಂದು, ಅದೇ ಉಸಿರಿನಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದೂ ಸೇರಿಸುತ್ತಿದ್ದರು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು. ಕಟ್ಟಡವಿನ್ನೂ ಹೊಸದಾಗಿ ಹೊಳೆಯುತ್ತಿರುವಾಗಲೇ, ಅದು ಒಂದಲ್ಲ ಒಂದು ದಿನ ಮುರಿಯುವುದು, ಬಿರಿಯುವುದು ಎಂಬುದನ್ನು ಒಪ್ಪಿಕೊಂಡು ಆ ದಿನಕ್ಕೆ ಬೇಕಾದ ಹಣವನ್ನು ಮೊದಲೇ ಎತ್ತಿಟ್ಟ ವಿವೇಕ ಇದು. ಈ ವಿವೇಕವನ್ನು ನಾವು ಎಲ್ಲಿ ಕಳೆದುಕೊಂಡೆವು, ಅದನ್ನು ಮತ್ತೆ ಪಡೆಯುವ ಬಗೆ ಯಾವುದು ಎಂಬುದನ್ನು ನಮ್ಮ ಹಳೆಯ ಸಾರ್ವಜನಿಕ ಗ್ರಂಥಾಲಯಗಳ ಕಟ್ಟಡಗಳನ್ನು ಮುಂದಿಟ್ಟುಕೊಂಡು ವಿಚಾರಮಾಡುವುದೇ ಇಂದಿನ ಭಾಷಣದ ಉದ್ದೇಶ.

ಗ್ರಂಥಾಲಯವೆಂಬುದು ಆಂಗ್ಲರು ನಮಗೆ ತಂದುಕೊಟ್ಟ ಹೊಸ ವಸ್ತುವೆಂದು ಕೆಲವರು ಭಾವಿಸುವುದುಂಟು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಎಂಬ ಊರಿದೆ. ಅಲ್ಲಿ ದೊರೆತ 1058ರ ಶಾಸನ ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದ್ದು. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದವನ್ನು ಓದುವ 200 ಮಂದಿ, ಶಾಸ್ತ್ರವನ್ನು ಓದುವ 52 ಮಂದಿ ವಿದ್ಯಾರ್ಥಿಗಳಿಗೆ ವ್ಯವಸ್ಥೆಯಿದ್ದುದನ್ನು ಆ ಶಾಸನ ತಿಳಿಸುತ್ತದೆ. ಅವರ ಉಪಾಧ್ಯಾಯರ ಜೊತೆಯಲ್ಲಿಯೇ ಆರು ಮಂದಿ ‘ಸರಸ್ವತೀ ಭಂಡಾರಿಗ’ರನ್ನೂ ಹೆಸರಿಸುತ್ತದೆ. ಸರಸ್ವತೀ ಭಂಡಾರವೆಂದರೆ ಪುಸ್ತಕಗಳ ಭಂಡಾರ. ಭಂಡಾರಿಗರು ಅದರ ಪಾಲಕರು. ಪುಸ್ತಕಗಳನ್ನು ಕಾಯುವವರಿಗೂ ಬೋಧಿಸುವವರಂತೆಯೇ ಜೀವನೋಪಾಯವನ್ನು ಕಲ್ಪಿಸಿದ್ದ ನಾಡು ನಮ್ಮದು. ಭಂಡಾರಕ್ಕೆ ಕಾವಲುಗಾರ ಬೇಕು, ಕಟ್ಟಡಕ್ಕೆ ದುರಸ್ತಿಯ ದತ್ತಿ ಬೇಕು. ಈ ಎರಡು ಸಂಗತಿಗಳನ್ನು ಅಂದಿನವರು ಬಲ್ಲವರಾಗಿದ್ದರು.

ಇನ್ನು ನಮ್ಮ ಕಾಲಕ್ಕೆ ಸಮೀಪವಾದ ಗ್ರಂಥಾಲಯಗಳಿಗೆ ಬರೋಣ. ಮೈಸೂರಿನಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣೋತ್ಸವದ ನೆನಪಿಗಾಗಿ 1887ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಅಸ್ತಿಭಾರ ಬಿದ್ದ ಭವ್ಯವಾದ ಕಟ್ಟಡದಲ್ಲಿ, 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯ ನೆಲೆಗೊಂಡಿತು. ಮುಂದೆ ಅದೇ ಪ್ರಾಚ್ಯವಿದ್ಯಾ ಸಂಶೋಧನಾಲಯವಾಯಿತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ, 1883ರಿಂದ 1901ರವರೆಗೆ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಸ್ಮಾರಕವಾಗಿ 1915ರಲ್ಲಿ ಕೆಂಪು ಬಣ್ಣದ ಭವನವೊಂದು ಸಿದ್ಧವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಆರಂಭವಾದ ಸಾರ್ವಜನಿಕ ಗ್ರಂಥಾಲಯಕ್ಕೆ ಅದೇ ಮನೆಯಾಯಿತು. ಇಂದು ಅದು ರಾಜ್ಯ ಕೇಂದ್ರ ಗ್ರಂಥಾಲಯ. ಸ್ಮಾರಕಗಳು ಎಷ್ಟೋ ಇವೆ. ಆದರೆ ಪ್ರತಿನಿತ್ಯ ಜನರು ಬಂದು ಕುಳಿತು ಓದುವ ಸ್ಮಾರಕ ಅಪೂರ್ವವಾದುದು.

ಈ ಎರಡು ಮೈಸೂರು ಸಂಸ್ಥಾನದ ಕೃತಿಗಳು. ಮೂರನೆಯದು ಅಂದಿನ ಮದರಾಸಿನದು. ಅಲ್ಲಿನ ಕನ್ನೆಮರಾ ಗ್ರಂಥಾಲಯದ ಬಾಗಿಲು 1896ರಲ್ಲಿ ತೆರೆಯಿತು. ಅದನ್ನು ರೂಪಿಸಿದ ಹೆನ್ರಿ ಇರ್ವಿನ್ ಎಂಬ ಶಿಲ್ಪಜ್ಞನೇ, 1897ರಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ, ಇಂದು ನಾವು ನೋಡುವ ಅರಮನೆಯನ್ನೂ ರೂಪಿಸಿದವನು. ಮದರಾಸಿನ ಮಾತನ್ನು ಇಲ್ಲಿ ಎತ್ತುವುದಕ್ಕೆ ಇನ್ನೊಂದು ಕಾರಣವಿದೆ. ನಾನು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕರೂರಿನವನು. 1953ರ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರುವವರೆಗೂ ನಮ್ಮ ಹಿರಿಯರಿಗೆ ರಾಜಧಾನಿಯೆಂದರೆ ಮದರಾಸು. 1800ರಲ್ಲಿ ನಿಜಾಮರಿಂದ ಕಂಪೆನಿಯ ಕೈಸೇರಿದ ನಮ್ಮ ಸೀಮೆಯಲ್ಲಿ ಕರ್ನಲ್ ಮೆಕೆಂಜಿ ಎಂಬ ಅಧಿಕಾರಿ ತನ್ನ ಪಂಡಿತರ ನೆರವಿನಿಂದ ಊರೂರಿನ ಕೈಫಿಯತ್ತುಗಳನ್ನು, ಶಾಸನಗಳ ಪ್ರತಿಗಳನ್ನು ಕೂಡಿಹಾಕಿಸಿದನು. ಆ ಸಂಗ್ರಹದ ದೊಡ್ಡ ಭಾಗ ಮದರಾಸಿನ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯಕ್ಕೆ ಸೇರಿತು. ಸಿರುಗುಪ್ಪ, ಕುರುಗೋಡುಗಳ ಕಡೆಯ ರೈತ ಆ ಕಟ್ಟಡಗಳನ್ನು ಕಣ್ಣಿನಿಂದ ನೋಡಿರಲಾರ. ಆದರೆ ಅವನ ಸೀಮೆಯ ಕಥೆ ಅಂಥ ಒಂದು ಕಟ್ಟಡದ ಮಾಡಿನ ಕೆಳಗೆ ಕುಳಿತಿದೆ. ಆದುದರಿಂದ ದೂರದ ನಗರದ ಗ್ರಂಥಾಲಯದ ಮಾಡು ಸೋರಿದರೆ ಹಳ್ಳಿಯವನಿಗೇನು ನಷ್ಟ ಎಂದು ಕೇಳುವುದು ಸರಿಯಲ್ಲ.

ಆ ನಷ್ಟ ಎಂಥದಾಗಬಹುದು ಎಂಬುದಕ್ಕೆ ಒಂದು ದೃಷ್ಟಾಂತ. ತಂಜಾವೂರಿನ ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಯೋಲೆಯ ಕಟ್ಟೊಂದನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಅದನ್ನು ಬಿಚ್ಚಿ ನೋಡಿದಾಗ ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗೊತ್ತಾಯಿತು. ಅದುವರೆಗೆ ಬೇರೆ ಗ್ರಂಥಗಳಲ್ಲಿ ಬರುವ ಹೆಸರಿನಿಂದ ಮಾತ್ರ ವಿದ್ವಾಂಸರಿಗೆ ತಿಳಿದಿದ್ದ ಕೃತಿ ಅದು. 1909ರಲ್ಲಿ ಅವರು ಅದನ್ನು ಅಚ್ಚುಮಾಡಿಸಿದರು. ಪ್ರಾಚೀನ ಭಾರತದ ರಾಜ್ಯತಂತ್ರವನ್ನು ಕುರಿತ ಜಗತ್ತಿನ ಅಭಿಪ್ರಾಯವೇ ಬದಲಾಯಿತು. ಓಲೆಗರಿಗೆ ಬೇಕಾದದ್ದು ಬಹಳವಲ್ಲ: ಒಣಗಿದ ತಾವು, ಆಗಾಗ ಎಣ್ಣೆಯ ಲೇಪ, ಹುಳುವಿನಿಂದ ರಕ್ಷಣೆ. ಆ ಕಟ್ಟಿನ ಮೇಲೆ ಒಂದು ಮಳೆಗಾಲ ಮಾಡು ತೊಟ್ಟಿಕ್ಕಿದ್ದರೆ, ಶಾಮಾಶಾಸ್ತ್ರಿಗಳ ಪಾಂಡಿತ್ಯವೆಲ್ಲ ಕೂಡಿಯೂ ಅದನ್ನು ಓದಿಸುತ್ತಿರಲಿಲ್ಲ. ವಿದ್ವಾಂಸನ ಕೀರ್ತಿಯ ಹಿಂದೆ ಹಂಚು ಸರಿಪಡಿಸಿದ ಕೆಲಸಗಾರನ ಕೈಯೂ ಉಂಟು ಎಂಬುದನ್ನು ನಾವು ನೆನೆಯುವುದಿಲ್ಲ.

ಹಳೆಯ ಕಟ್ಟಡ ವಯಸ್ಸಾಯಿತೆಂದು ಬೀಳುವುದಿಲ್ಲ, ನೀರಿನಿಂದ ಬೀಳುತ್ತದೆ. ಮಾಡಿನ ಒಂದು ಹಂಚು ಒಡೆಯುತ್ತದೆ, ನೀರು ಹೋಗುವ ದೋಣಿಯಲ್ಲಿ ತರಗೆಲೆ ಕಟ್ಟಿಕೊಳ್ಳುತ್ತದೆ, ಗೋಡೆಯ ಸಂದಿನಲ್ಲಿ ಹಕ್ಕಿ ತಂದು ಹಾಕಿದ ಅರಳಿಯ ಬೀಜ ಮೊಳೆಯುತ್ತದೆ. ನೀರು ಗೋಡೆಗೆ ಇಳಿಯುತ್ತದೆ, ತೊಲೆಯ ತುದಿಯನ್ನು ಕೊಳೆಯಿಸುತ್ತದೆ, ಗೆದ್ದಲನ್ನು ಕರೆಯುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ ವೇಳೆಗೆ ಹತ್ತು ರೂಪಾಯಿಯ ಕೆಲಸ ಹತ್ತು ಸಾವಿರದ್ದಾಗಿರುತ್ತದೆ.

ಇಲ್ಲಿ ಕಟ್ಟಡದ ಸಾಮಗ್ರಿಯ ವಿಚಾರವಾಗಿ ಎರಡು ಮಾತುಗಳನ್ನು ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ನಮ್ಮ ಕಟ್ಟಡಗಳು ಸುಣ್ಣದ ಗಾರೆಯಿಂದ ಕಟ್ಟಿದವು. ಸುಣ್ಣಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳನ್ನೋ ಇಟ್ಟಿಗೆಯ ಪುಡಿಯನ್ನೋ ಬೆರೆಸಿ, ಗಾಣದಲ್ಲಿ ಅರೆದು, ಬೆಲ್ಲದ ನೀರು ಅಳಲೆಕಾಯಿಯ ನೀರುಗಳನ್ನು ಕೂಡಿಸಿ ಗಾರೆಯನ್ನು ಸಿದ್ಧಪಡಿಸುತ್ತಿದ್ದರು. ಆ ಗಾರೆ ಗಾಳಿಯಲ್ಲಿರುವ ಇಂಗಾಲಾಮ್ಲವಾಯುವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಅದರಲ್ಲಿ ಸೂಕ್ಷ್ಮವಾದ ರಂಧ್ರಗಳುಂಟು. ಗೋಡೆಗೆ ಸೇರಿದ ತೇವ ಆ ರಂಧ್ರಗಳ ಮೂಲಕ ಹೊರಕ್ಕೆ ಆರಿಹೋಗುತ್ತದೆ. ಗೋಡೆ ಉಸಿರಾಡುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಇಂಥ ಗೋಡೆಯ ಮೇಲೆ ಗಟ್ಟಿಯಾದ ಸಿಮೆಂಟನ್ನು ಮೆತ್ತಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಅದರೊಡನೆ ಬಂದ ಲವಣಗಳು ಗಾರೆಯ ಹಿಂದೆ ಹರಳುಗಟ್ಟಿ, ಇಟ್ಟಿಗೆಯನ್ನೇ ಪುಡಿಮಾಡಿ, ಕೊನೆಗೆ ಸಿಮೆಂಟಿನ ಹೊದಿಕೆಯನ್ನು ಹಪ್ಪಳದಂತೆ ಎಬ್ಬಿಸುತ್ತವೆ.

ಇದನ್ನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ನಾನು ಕಣ್ಣಾರೆ ಕಂಡಿದ್ದೆ. ಊರಿನ ಹೆಸರು ಬೇಡ. ವಿದ್ಯಾರ್ಥಿಯಾಗಿದ್ದಾಗ ನಾನು ಓದಲು ಹೋಗುತ್ತಿದ್ದ ಹಳೆಯ ವಾಚನಾಲಯವೊಂದಕ್ಕೆ ಒಂದು ವರ್ಷ ದುರಸ್ತಿಯ ಯೋಗ ಬಂದಿತು. ಹೊರಗೆ ಒಳಗೆ ಸಿಮೆಂಟು ಮೆತ್ತಿದರು, ಹೊಳೆಯುವ ಬಣ್ಣ ಬಳಿದರು, ಬಾಗಿಲಿನ ಪಕ್ಕದಲ್ಲಿ ಶಿಲಾಫಲಕವನ್ನು ನಿಲ್ಲಿಸಿದರು. ಮಾಳಿಗೆಯ ಮೇಲೆ ಯಾರೂ ಹತ್ತಲಿಲ್ಲ. ಎರಡನೆಯ ಮಳೆಗಾಲದಲ್ಲಿ ಗೋಡೆಯ ಬಣ್ಣ ಬೊಕ್ಕೆಯೆದ್ದು ಉದುರತೊಡಗಿತು. ಗ್ರಂಥಪಾಲಕರು ಬೀರುಗಳನ್ನೆಲ್ಲ ಕೋಣೆಯ ನಡುವಿಗೆ ಎಳೆಯಿಸಿದರು. ಕೂಡುವುದಕ್ಕೆ ಸ್ಥಳವಿಲ್ಲದೆ ಓದುಗರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಓದುಗರಿಲ್ಲವೆಂಬ ಕಾರಣದಿಂದ ಮರುವರ್ಷ ಪುಸ್ತಕಗಳ ಖರೀದಿ ನಿಂತಿತು. ಶಿಲಾಫಲಕ ಮಾತ್ರ ಸುಸ್ಥಿತಿಯಲ್ಲಿತ್ತು.

ಅಂದು ನನಗೆ ನೆನಪಾದದ್ದು ಕರೂರಿನ ನಮ್ಮ ಮನೆಯ ಮಾಳಿಗೆ. ನಮ್ಮ ಕಡೆಯ ಹಳೆಯ ಮನೆಗಳಿಗೆ ಹಂಚಿಲ್ಲ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣಿನ ಮೇಲ್ಮುದ್ದೆ. ಕೆಳಗಿನ ನೆಲವೋ ಎರೆಭೂಮಿ: ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕುಬಿಡುತ್ತದೆ. ಇಂಥ ಸಾಮಗ್ರಿಯಿಂದ, ಇಂಥ ನೆಲದ ಮೇಲೆ ಕಟ್ಟಿದ ಮನೆಗಳು ತಲೆಮಾರುಗಳ ಕಾಲ ನಿಂತಿವೆ. ಕಾರಣ ಒಂದೇ. ಪ್ರತಿವರ್ಷ ಬೇಸಿಗೆಯ ಕೊನೆಯಲ್ಲಿ, ಮೃಗಶಿರೆಯ ಮಳೆಗೆ ಮೊದಲು, ಮನೆಯವರು ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಹೊಸದಾಗಿ ಚೌಳುಮಣ್ಣನ್ನು ಹಾಕಿ ತುಳಿದು, ದೋಣಿಯ ಬಾಯಿಯನ್ನು ಬಿಡಿಸುತ್ತಿದ್ದರು. ‘ಮಳಿ ಬಂದ ಮ್ಯಾಲೆ ಮಾಳಿಗಿ ಏರಬಾರ್ದಪ್ಪ, ಬರೋಕ ಮುಂಚೆ ಏರಬೇಕು’ ಎಂದು ನಮ್ಮ ತಾತ ಹೇಳುತ್ತಿದ್ದರು.

ಕಾಲೇಜಿನಲ್ಲಿ ಇಂಗ್ಲೆಂಡಿನ ಜಾನ್ ರಸ್ಕಿನ್ನನನ್ನು ಓದುವಾಗ ಈ ಮಾತು ಮತ್ತೆ ಎದುರಾಯಿತು. ಕಟ್ಟಡಶಿಲ್ಪವನ್ನು ಕುರಿತು 1849ರಲ್ಲಿ ಬರೆದ ಗ್ರಂಥದಲ್ಲಿ ಅವನು, ಹಳೆಯ ಕಟ್ಟಡವನ್ನು ಹೊಸದರಂತೆ ಮಾಡಹೊರಡುವುದು ಅದನ್ನು ಕೊಲ್ಲುವುದಕ್ಕೆ ಸಮಾನವೆಂದೂ, ಕಾಲಕಾಲಕ್ಕೆ ನೋಡಿಕೊಂಡರೆ ಅಂಥ ಕೃತ್ಯಕ್ಕೆ ಅವಕಾಶವೇ ಬರುವುದಿಲ್ಲವೆಂದೂ ವಾದಿಸಿದನು. ಅವನ ಪ್ರಭಾವಕ್ಕೆ ಒಳಗಾದ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗಾಗಿ ಸಂಘವನ್ನೇ ಸ್ಥಾಪಿಸಿದನು. ಶಾಲೆಯ ಮುಖವನ್ನು ಹೆಚ್ಚಾಗಿ ಕಾಣದ ನಮ್ಮ ತಾತನೂ ಆಂಗ್ಲ ದೇಶದ ಆ ಮಹಾವಿಮರ್ಶಕನೂ ಈ ಒಂದು ವಿಷಯದಲ್ಲಿ ಏಕಾಭಿಪ್ರಾಯವುಳ್ಳವರಾಗಿದ್ದುದನ್ನು ಕಂಡು ನನಗೆ ಸಂತೋಷವಾಯಿತು.

ಹಾಗಾದರೆ ಜೀರ್ಣವಾದ ಗ್ರಂಥಾಲಯವನ್ನು ಉದ್ಧರಿಸುವ ಕ್ರಮವೇನು? ಮೊದಲು ನೀರು: ಮಾಡು, ದೋಣಿ, ಚರಂಡಿ. ಆಮೇಲೆ ತಳಹದಿ. ಆಮೇಲೆ ಗೋಡೆ, ಅದು ಯಾವುದರಿಂದ ಕಟ್ಟಲ್ಪಟ್ಟಿದೆಯೋ ಅದರಿಂದಲೇ. ಆಮೇಲೆ ಮರಗೆಲಸ: ಇಡೀ ತೊಲೆಯನ್ನು ತೆಗೆದುಹಾಕದೆ, ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಹೊಸ ಮರವನ್ನು ಬೆಸೆಯುವುದು. ಕಟ್ಟಕಡೆಗೆ ಬಣ್ಣ. ನಮ್ಮಲ್ಲಿ ಅನೇಕ ವೇಳೆ ಈ ಕ್ರಮ ತಲೆಕೆಳಗಾಗುತ್ತದೆ. ಬಣ್ಣ ಮೊದಲು ಬರುತ್ತದೆ. ಏಕೆಂದರೆ ಅದು ಸಮಾರಂಭದ ದಿನ ಕಾಣುತ್ತದೆ. ದೋಣಿ ಕಾಣುವುದಿಲ್ಲ. ಇದಲ್ಲದೆ ಗ್ರಂಥಾಲಯಕ್ಕೆ ವಿಶೇಷವಾದ ಎರಡು ಎಚ್ಚರಿಕೆಗಳುಂಟು. ಪುಸ್ತಕದ ಭಾರ ಸಾಮಾನ್ಯವಾದುದಲ್ಲ. ಸಭಾಭವನವಾಗಿ ಕಟ್ಟಿದ ಕಟ್ಟಡದ ಮಹಡಿಯ ಮೇಲೆ ಬೀರುಗಳ ಸಾಲನ್ನು ನಿಲ್ಲಿಸುವಾಗ ತೊಲೆಗಳ ಶಕ್ತಿಯನ್ನು ಲೆಕ್ಕಹಾಕಬೇಕು. ಹಳೆಯ ವಿದ್ಯುತ್ ತಂತಿಗಳನ್ನು ಪೂರ್ತಿಯಾಗಿ ಬದಲಾಯಿಸಬೇಕು. ಕಾಗದದ ಮನೆಯಲ್ಲಿ ಒಂದು ಕಿಡಿ ಸಾಕು.

ಇಷ್ಟೆಲ್ಲ ಕಷ್ಟವೇಕೆ, ಕೆಡವಿ ಹೊಸದನ್ನು ಕಟ್ಟಬಾರದೇ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಹಾಸ್ಯಮಾಡುವಂತಿಲ್ಲ. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಕೆಡವಬೇಕೋ ದುರಸ್ತಿಮಾಡಬೇಕೋ ಎಂಬ ವಾದ ಅಲ್ಲಿ ವರ್ಷಗಟ್ಟಲೆ ನಡೆಯಿತು. ಪರಂಪರೆಯ ಹೆಸರಿನಲ್ಲಿ ಮನುಷ್ಯರ ಪ್ರಾಣವನ್ನು ಪಣಕ್ಕೆ ಒಡ್ಡಬಾರದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಟ್ಟಡಗಳು ಬಿದ್ದದ್ದು ಹಳೆಯವಾದುದರಿಂದಲೇ ಎಂದು ತೀರ್ಮಾನಿಸುವುದಕ್ಕೆ ಮೊದಲು, ಅವುಗಳ ಮಾಡನ್ನು ಎಷ್ಟು ವರ್ಷಗಳಿಗೊಮ್ಮೆ ಹತ್ತಿ ನೋಡಲಾಗುತ್ತಿತ್ತು ಎಂದು ಕೇಳತಕ್ಕದ್ದು. ಬೆಂಗಳೂರಿನ ಅಠಾರಾ ಕಚೇರಿ 1868ರದು. ಶೇಷಾದ್ರಿ ಭವನದಂತೆಯೇ ಕೆಂಪು ಬಣ್ಣದ್ದು, ಅದೇ ಉದ್ಯಾನದ ಅಂಚಿನಲ್ಲಿದೆ. 1980ರ ದಶಕದಲ್ಲಿ ಅದನ್ನು ಕೆಡವುವ ಆಲೋಚನೆ ಹುಟ್ಟಿದಾಗ ನಾಗರಿಕರು ವಿರೋಧಿಸಿದರು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಕಟ್ಟಡ ಉಳಿಯಿತು, ಇಂದಿಗೂ ಅಲ್ಲಿ ಉಚ್ಚ ನ್ಯಾಯಾಲಯ ನಡೆಯುತ್ತಿದೆ. ಕೆಡವದೆ ಉಪಯೋಗದಲ್ಲಿಟ್ಟುಕೊಳ್ಳುವುದು ಸಾಧ್ಯವೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಇನ್ನೊಂದು ದೃಷ್ಟಾಂತ ನೆರೆಯ ದ್ವೀಪದ್ದು. ಆದರೂ ಅದಕ್ಕೆ ನಮ್ಮ ನಾಡಿನ ನಂಟಿದೆ. ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು ಮದರಾಸಿನಲ್ಲಿ ಬಹುಕಾಲ ಕೆಲಸಮಾಡಿ, 1957ರಿಂದ 1972ರಲ್ಲಿ ನಿಧನರಾಗುವವರೆಗೆ ಬೆಂಗಳೂರಿನಲ್ಲಿ ನೆಲೆಸಿದ್ದರು. ಶ್ರೀಲಂಕೆಯ ಜಾಫ್ನಾ ನಗರ ತನ್ನ ಸಾರ್ವಜನಿಕ ಗ್ರಂಥಾಲಯಕ್ಕೆ ಹೊಸ ಭವನವನ್ನು ಕಟ್ಟಿಸುವಾಗ ಅವರ ಸಲಹೆಯನ್ನು ಪಡೆದಿತ್ತು. ಭವನ 1959ರಲ್ಲಿ ಆರಂಭವಾಯಿತು. 1981ರಲ್ಲಿ, ಮೇ ತಿಂಗಳು ಮುಗಿದು ಜೂನ್ ಹುಟ್ಟುವ ರಾತ್ರಿ, ಗಲಭೆಯಲ್ಲಿ ಅದಕ್ಕೆ ಬೆಂಕಿಯಿಟ್ಟರು. ಸುಮಾರು 97,000 ಗ್ರಂಥಗಳು, ಅವುಗಳ ಜೊತೆಗೆ ಬೇರೆಲ್ಲಿಯೂ ಪ್ರತಿಯಿಲ್ಲದ ಓಲೆಗರಿಗಳು, ಬೂದಿಯಾದವು. ಸುಟ್ಟ ಗೋಡೆಗಳನ್ನು ನೆನಪಿಗಾಗಿ ಹಾಗೆಯೇ ಬಿಡಬೇಕೋ ಮತ್ತೆ ಕಟ್ಟಬೇಕೋ ಎಂಬ ಚರ್ಚೆ ಅಲ್ಲಿನ ಜನರಲ್ಲಿ ನಡೆಯಿತು. ಕೊನೆಗೆ ಭವನವನ್ನು ಮೊದಲಿನ ರೂಪದಲ್ಲಿಯೇ ಕಟ್ಟಿ, ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಮತ್ತೆ ತೆರೆದರು. ಗುಮ್ಮಟ ಮರಳಿ ಬಂದಿತು, ಓದುಗರೂ ಮರಳಿ ಬಂದರು; ಆದರೆ ಆ ಓಲೆಗರಿಗಳು ಬರಲಿಲ್ಲ. ಕಲ್ಲುಗಾರೆಗಳನ್ನು ಹಣದಿಂದ ಮತ್ತೆ ಪಡೆಯಬಹುದು. ಅವು ಕಾಯುತ್ತಿದ್ದುದನ್ನು ಪಡೆಯಲಾಗದು. ಬೆಂಕಿ ಒಂದು ರಾತ್ರಿಯಲ್ಲಿ ಮಾಡಿದ್ದನ್ನು ಸೋರುವ ಮಾಡು ಮೂವತ್ತು ವರ್ಷಗಳಲ್ಲಿ, ಯಾರ ಪ್ರತಿಭಟನೆಯೂ ಇಲ್ಲದೆ, ಮಾಡಿಬಿಡುತ್ತದೆ.

ಇನ್ನು ಹಣದ ಮಾತು. ಮದರಾಸು ಪ್ರಾಂತ್ಯದಲ್ಲಿ 1948ರಲ್ಲಿಯೇ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಅಂಗೀಕಾರವಾಯಿತು. ಅಂದು ಬಳ್ಳಾರಿ ಆ ಪ್ರಾಂತ್ಯದಲ್ಲಿದ್ದುದರಿಂದ, ಮೈಸೂರಿನವರಿಗಿಂತ ಮೊದಲೇ ಗ್ರಂಥಾಲಯದ ಕಾನೂನನ್ನು ಕಂಡವರು ನಾವು. ಮೈಸೂರು ರಾಜ್ಯದ ಕಾನೂನು 1965ರದು. ಎರಡರಲ್ಲಿಯೂ ತೆರಿಗೆಯ ಜೊತೆಗೆ ಗ್ರಂಥಾಲಯ ಉಪಕರವನ್ನು ಎತ್ತುವ ವಿಧಿಯಿದೆ. ಮನೆಗಂದಾಯ ಕಟ್ಟುವ ಪ್ರತಿಯೊಬ್ಬ ನಗರವಾಸಿಯೂ ತಿಳಿದೋ ತಿಳಿಯದೆಯೋ ಗ್ರಂಥಾಲಯದ ದಾನಿಯಾಗಿದ್ದಾನೆ. ಹಿಂದಿನ ಭೂದತ್ತಿಯ ಸ್ಥಾನದಲ್ಲಿ ಇಂದು ಈ ಉಪಕರ ನಿಂತಿದೆ. ಕೊರತೆಯಿರುವುದು ಒಂದರಲ್ಲಿ: ಹಳೆಯ ದತ್ತಿಯಲ್ಲಿ ಜೀರ್ಣೋದ್ಧಾರಕ್ಕೆಂದು ಹೆಸರಿಟ್ಟು ಭಾಗವನ್ನು ತೆಗೆದಿಡುತ್ತಿದ್ದರು. ನಮ್ಮ ಆಯವ್ಯಯಗಳಲ್ಲಿ ದುರಸ್ತಿ ಎಂಬುದು ಬೇರೆಲ್ಲ ಖರ್ಚು ಕಳೆದು ಉಳಿದರೆ ನೋಡುವ ಕೊನೆಯ ಬಾಬು. ಪ್ರತಿಯೊಂದು ಗ್ರಂಥಾಲಯಕ್ಕೂ ವರ್ಷದ ಹಣದಲ್ಲಿ ಒಂದು ಪಾಲನ್ನು ಕಟ್ಟಡದ ರಕ್ಷಣೆಗೆಂದೇ ಮೀಸಲಿಟ್ಟು, ಅದನ್ನು ಬೇರೆ ಯಾವುದಕ್ಕೂ ಮುಟ್ಟಬಾರದೆಂದು ವಿಧಿಸಿದರೆ, ಶಾಸನದ ಆ ಹಳೆಯ ಮಾತಿಗೆ ಜೀವ ಬರುತ್ತದೆ. ಇದು ಹೊಸ ಯೋಜನೆಯಲ್ಲ; ಸಾವಿರ ವರ್ಷದ ಹಳೆಯ ಯೋಜನೆ.

ರಂಗನಾಥನ್ ಅವರು ಗ್ರಂಥಾಲಯವನ್ನು ಬೆಳೆಯುವ ಜೀವಿಗೆ ಹೋಲಿಸಿದರು. ಆ ಹೋಲಿಕೆ ಕಟ್ಟಡದ ಉದ್ಧಾರಕ್ಕೂ ಅನ್ವಯಿಸುತ್ತದೆ. ಹಳೆಯ ಭವನವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ಗೊಂಬೆಯಂತೆ ಕಾಪಾಡಬೇಕೆಂದು ನಾನು ಹೇಳುವುದಿಲ್ಲ. ಮೆಟ್ಟಿಲು ಹತ್ತಲಾರದ ವೃದ್ಧರಿಗೆ ಇಳಿಜಾರಿನ ದಾರಿ, ಪರೀಕ್ಷೆಗೆ ಓದುವ ತರುಣರಿಗೆ ಬೆಳಕು, ಗಣಕಯಂತ್ರಗಳಿಗೆ ಎಡೆ, ಹೆಂಗಸರಿಗೆ ಅನುಕೂಲವಾದ ಕೋಣೆ, ಇವೆಲ್ಲ ಅಲ್ಲಿ ಬರಲಿ. ಓದುಗರು ಮರಳಿ ಬಾರದಿದ್ದರೆ ಉದ್ಧಾರವಾದದ್ದು ಗೋಡೆಯೇ ಹೊರತು ಗ್ರಂಥಾಲಯವಲ್ಲ.

ದೊಡ್ಡ ಭವನಗಳ ಮಾತನ್ನಾಡಿ ಮುಗಿಸುವಾಗ ನನ್ನ ಮನಸ್ಸು ಸಣ್ಣ ಕಟ್ಟಡಗಳ ಕಡೆಗೆ ಹೋಗುತ್ತದೆ. ಕರ್ನಾಟಕದ ಗ್ರಾಮಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳೆನಿಸಿಕೊಂಡಿವೆ. ನಮ್ಮ ಸೀಮೆಯ ಹೊಲಗೆಲಸದವರ ಮಕ್ಕಳಿಗೆ ಪಠ್ಯವಲ್ಲದ ಪುಸ್ತಕ ಸಿಗುವ ಸ್ಥಳ ಬಹುಮಟ್ಟಿಗೆ ಇದೊಂದೇ. ಇಂದಿನ ಹೊಸ ಕೋಣೆಯೇ ನಾಳಿನ ಹಳೆಯ ಕಟ್ಟಡ. ನೂರು ವರ್ಷದ ನಂತರ ಅದನ್ನು ಪರಂಪರೆಯೆಂದು ಕೊಂಡಾಡಬೇಕಾದರೆ, ಅದು ಮೊದಲು ಮುಂದಿನ ಮಳೆಗಾಲವನ್ನು ದಾಟಬೇಕು.

ಆದುದರಿಂದ ನಗರವಾಸಿಗಳಾದ ಶ್ರೋತೃಗಳಲ್ಲಿ ನನ್ನದೊಂದು ಸಣ್ಣ ಬಿನ್ನಹ. ನೀವು ಓದಲು ಹೋಗುವ ಗ್ರಂಥಾಲಯದಲ್ಲಿ ಈ ಬೇಸಿಗೆ ಮುಗಿಯುವುದರೊಳಗೆ ಒಮ್ಮೆ ತಲೆಯೆತ್ತಿ ಮಾಡಿನ ಕಡೆಗೆ ನೋಡಿರಿ. ಎಲ್ಲಿಯಾದರೂ ತೇವದ ಕಲೆ ಕಂಡರೆ ಗ್ರಂಥಪಾಲಕರಿಗೆ ತಿಳಿಸಿರಿ; ಅವರ ಕೈಯಲ್ಲಾಗದಿದ್ದರೆ ಅವರ ಪರವಾಗಿ ನಾಲ್ಕು ಮಂದಿ ಸೇರಿ ಅರ್ಜಿ ಬರೆಯಿರಿ. ಖಂಡಸ್ಫುಟಿತ ಜೀರ್ಣೋದ್ಧಾರದ ದತ್ತಿಯಲ್ಲಿ ಅದು ನಿಮ್ಮ ಪಾಲು. ಮೃಗಶಿರೆ ಹುಟ್ಟುವುದರೊಳಗೆ ಯಾರಾದರೂ ಒಬ್ಬರು ಮಾಳಿಗೆ ಹತ್ತಲೇಬೇಕು.